ಡೋಸ್ ಹೆಚ್ಚಿಸುವ ಮುಂಚೆ ಕಾಫಿ ಲೋಟದ ಕಡೆ ನೋಡಿ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನಗೆ 38 ವರ್ಷ, ತೂಕ 68 ಕೆ.ಜಿ. ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಎಂಟು ತಿಂಗಳ ಹಿಂದೆ ವಿಪರೀತ ಸುಸ್ತು, ಕೂದಲು ಉದುರುವುದು, ಮುಟ್ಟಿನಲ್ಲಿ ಜಾಸ್ತಿ ಹೋಗುವುದು ಅಂತ ತೋರಿಸಿದೆ. ಟಿಎಸ್‌ಎಚ್ 18.6 ಇದೆ, ಫ್ರೀ ಟಿ4 ಕಡಿಮೆ ಇದೆ, ಥೈರಾಯ್ಡ್ ಅಂದರು. 50ರ ಮಾತ್ರೆ ಶುರು ಮಾಡಿದರು. ಮೂರು ತಿಂಗಳಿಗೆ 7.9ಕ್ಕೆ ಬಂತು. ಆಗ ಮಾತ್ರೆ 75 ಮಾಡಿದರು, ಹಿಮೋಗ್ಲೋಬಿನ್ 9.4 ಇದ್ದದ್ದಕ್ಕೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಕೂಡ ಬರೆದುಕೊಟ್ಟರು. ಈಗ ನೋಡಿದರೆ 8.4! ಇನ್ನು 100 ತಗೊಳ್ಳಿ ಅಂತಿದ್ದಾರೆ. ಹೀಗೆ ಏರುತ್ತಲೇ ಹೋದರೆ ಕೊನೆ ಎಲ್ಲಿ? ನಾನು ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಮಾತ್ರೆ ನುಂಗಿ, ಕಾಫಿ ಕುಡಿದೇ ಕೆಲಸ ಶುರು ಮಾಡುವುದು. ಉಳಿದ ಮಾತ್ರೆ ತಿಂಡಿ ಆದ ಮೇಲೆ. ಎಲೆಕೋಸು, ಮೂಲಂಗಿ ಬಿಟ್ಟಿದ್ದೇನೆ, ಆದರೂ ತೂಕ ಇಳಿಯುತ್ತಿಲ್ಲ. ಇದನ್ನು ಜೀವನಪೂರ್ತಿ ನುಂಗಬೇಕಾ? ಇನ್ನೊಂದು: ನಮ್ಮ ಅತ್ತೆಗೆ 72 ವರ್ಷ, ಅವರ ಟಿಎಸ್‌ಎಚ್ 6.5 ಬಂದಿದೆ. ನನ್ನ ಬಾಟ್ಲಿಯಿಂದಲೇ ಅವರಿಗೂ ಕೊಡಬಹುದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉತ್ತರದ ಅರ್ಧ ಭಾಗವನ್ನು ನೀವೇ ಬರೆದುಬಿಟ್ಟಿದ್ದೀರಿ. "ಮಾತ್ರೆ ನುಂಗಿ, ಕಾಫಿ ಕುಡಿದೇ ಕೆಲಸ ಶುರು" ಎನ್ನುವ ಆ ಒಂದು ಸಾಲು, ಅದರ ಹಿಂದೆಯೇ "ಉಳಿದ ಮಾತ್ರೆ ತಿಂಡಿ ಆದ ಮೇಲೆ" ಎನ್ನುವ ಇನ್ನೊಂದು. ನಿಮ್ಮ 8.4ರ ಮೂಲ ಬಹುತೇಕ ಈ ಎರಡು ಸಾಲಿನೊಳಗೇ ಇದೆ ಎಂದು ನನ್ನ ಅಂದಾಜು. ನಿಮ್ಮನ್ನು ಕಣ್ಣಾರೆ ನೋಡಿ ಪರೀಕ್ಷೆ ಮಾಡಿದವನಲ್ಲವಾದ್ದರಿಂದ ಅಂದಾಜು ಎಂದೇ ಹೇಳುತ್ತೇನೆ. ಆದರೆ ಇದನ್ನು ಪರೀಕ್ಷಿಸಿ ನೋಡಲು ಆರು ವಾರ ಸಾಕು, ಖರ್ಚೂ ಇಲ್ಲ.

ಮೊದಲು ಈ ಟಿಎಸ್‌ಎಚ್ ಅಂದರೆ ಏನೆಂದು ಸ್ವಲ್ಪ ನೋಡೋಣ. ರಿಪೋರ್ಟಿನಲ್ಲಿ ಅಂಕಿ ಏರಿದ್ದು ಕಂಡು "ಥೈರಾಯ್ಡ್ ಜಾಸ್ತಿ ಆಗಿದೆ" ಎನ್ನುವವರೇ ಹೆಚ್ಚು. ಆಗಿರುವುದು ಅದರ ತಿರುಗುಮುರುಗು. ಥೈರಾಯ್ಡ್ ಗ್ರಂಥಿ ಎಲ್ಲರಿಗೂ ಇದೆ, ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಕೂತಿರುತ್ತದೆ. ಅದು ಟಿ4, ಟಿ3 ಎನ್ನುವ ಹಾರ್ಮೋನುಗಳನ್ನು ಮಾಡುತ್ತದೆ. ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟಿ4ನ್ನೇ ರಿಪೋರ್ಟಿನಲ್ಲಿ ಫ್ರೀ ಟಿ4 ಎನ್ನುವುದು. ಮಾಡುವ ಕೆಲಸ ಸರಿಯಾಗಿ ನಡೆದಿದೆಯೇ ಎಂದು ನೋಡಿಕೊಳ್ಳುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ನಿಮ್ಮ ತೋಟದ ಮೇಸ್ತ್ರಿಯನ್ನು ನೆನೆಸಿಕೊಳ್ಳಿ. ಆಳುಗಳು ಚೆನ್ನಾಗಿ ಹಣ್ಣು ಬಿಡಿಸುತ್ತಿದ್ದರೆ ಮೇಸ್ತ್ರಿಯ ದನಿ ಕೇಳುವುದೇ ಇಲ್ಲ. ಕೆಲಸ ನಿಧಾನವಾದಷ್ಟೂ ಕೂಗು ಜೋರಾಗುತ್ತದೆ. ಟಿಎಸ್‌ಎಚ್ ಎಂದರೆ ಆ ಕೂಗು. ಅಂಕಿ ಏರಿದೆ ಎಂದರೆ ಗ್ರಂಥಿ ಸೋತಿದೆ, ಮೇಸ್ತ್ರಿ ಗಂಟಲು ಹರಿದುಕೊಳ್ಳುತ್ತಿದ್ದಾನೆ ಎಂದರ್ಥ.

ಈ ಮೇಸ್ತ್ರಿಗೆ ಸಹನೆ ತೀರಾ ಕಮ್ಮಿ. ರಕ್ತದಲ್ಲಿ ಹಾರ್ಮೋನು ಅರ್ಧಕ್ಕಿಳಿದರೆ ಟಿಎಸ್‌ಎಚ್ ನೂರು ಪಟ್ಟಿನವರೆಗೂ ಏರಬಲ್ಲದು. ಹಾಗಾಗಿ 7.9 ಇದ್ದದ್ದು 8.4 ಆಯಿತೆಂದು ಗಾಬರಿಯಾಗಬೇಡಿ. ಅಷ್ಟು ವ್ಯತ್ಯಾಸ ಬೆಳಿಗ್ಗೆ ಏಳಕ್ಕೆ ರಕ್ತ ಕೊಟ್ಟರೆ ಒಂದು, ಮಧ್ಯಾಹ್ನ ಕೊಟ್ಟರೆ ಒಂದು ಎಂಬಂತೆ ತಾನಾಗಿಯೇ ಬರುತ್ತದೆ. ಅದು ಏರಿಕೆಯೇ ಅಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೆ: ಮಾತ್ರೆ 50ರಿಂದ 75 ಆಯಿತು, ಅಂದರೆ ಒಂದೂವರೆ ಪಟ್ಟು. ಅಷ್ಟು ಹೆಚ್ಚಿಸಿದರೂ ಟಿಎಸ್‌ಎಚ್ ಇದ್ದಲ್ಲೇ ಇದೆ. ಹೊಟ್ಟೆಗೆ ಹೋದ ಔಷಧಿ ರಕ್ತಕ್ಕೆ ಸೇರುತ್ತಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಮತ್ತೆ ಆ ನಡುವೆ ನಿಮ್ಮ ಮನೆಗೆ ಹೊಸದಾಗಿ ಬಂದ ಅತಿಥಿಗಳು ಯಾರು? ಕಬ್ಬಿಣ ಮತ್ತು ಕ್ಯಾಲ್ಸಿಯಂ.

ನೀವು ನುಂಗುವ ಥೈರಾಯ್ಡ್ ಮಾತ್ರೆಯ ಹೆಸರು ಲೆವೊಥೈರಾಕ್ಸಿನ್, ಚಿಕ್ಕದಾಗಿ ಥೈರಾಕ್ಸಿನ್. ಬಹಳ ಸಂಕೋಚದ ಮಾತ್ರೆ ಅದು. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಹೋದರೆ ನೂರರಲ್ಲಿ 70ರಿಂದ 80 ಪಾಲು ಸಣ್ಣ ಕರುಳಿನಲ್ಲಿ ಹೀರಿಕೊಳ್ಳುತ್ತದೆ. ಜೊತೆಗೆ ಬೇರೆ ಏನಾದರೂ ಇದ್ದರೆ ಹಿಂದೆ ಸರಿಯುತ್ತದೆ. ಇಷ್ಟಕ್ಕೂ ಅದರಲ್ಲಿರುವುದು 75 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿ ಅದರಲ್ಲಿ 75 ಭಾಗ. ನೀವು ನುಂಗುವ ಮಾತ್ರೆಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಪುಡಿ, ಔಷಧಿ ಹೆಸರಿಗಷ್ಟೇ. ಇಷ್ಟು ಚೂರು ಔಷಧಿಯಲ್ಲಿ ಕಾಲು ಭಾಗ ಹೋದರೂ ಮೇಸ್ತ್ರಿಗೆ ಗೊತ್ತಾಗುತ್ತದೆ.

ಕಾಫಿಯ ವಿಚಾರ 2008ರಲ್ಲಿ ಇಟಲಿಯ ವೈದ್ಯರು ಬರೆದರು. ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಟಿಎಸ್‌ಎಚ್ ಇಳಿಯದ ಕೆಲವು ಹೆಂಗಸರನ್ನು ಕೂರಿಸಿ ವಿಚಾರಿಸಿದಾಗ ಅವರು ಎಸ್ಪ್ರೆಸೊ ಜೊತೆಗೇ, ಅಥವಾ ನುಂಗಿದ ಕೂಡಲೇ ಕಾಫಿ ಕುಡಿಯುತ್ತಿದ್ದರು. ನೀರಿನ ಜೊತೆ ಕೊಟ್ಟಾಗ ಔಷಧಿ ಚೆನ್ನಾಗಿ ರಕ್ತಕ್ಕೆ ಸೇರಿತು, ಕಾಫಿಯ ಜೊತೆ ಕೊಟ್ಟಾಗ ಕಮ್ಮಿ ಸೇರಿತು, ಅದೂ ತಡವಾಗಿ. ಅವರದು ಹಾಲಿಲ್ಲದ ಗುಟುಕು ಕಾಫಿ. ನಮ್ಮದು ಹಾಲು ಹಾಕಿದ ಫಿಲ್ಟರ್ ಕಾಫಿ. ಹಾಲೆಂದರೆ ಮತ್ತೆ ಕ್ಯಾಲ್ಸಿಯಂ.

ಕಾಫಿ ಬೆಳೆಯುವವರಿಗೆ ಕಾಫಿ ಬಿಡಿ ಅನ್ನುವಷ್ಟು ಕಟುಕ ನಾನಲ್ಲ. ಒಂದು ಗಂಟೆ ತಡೆಯಿರಿ, ಅಷ್ಟೇ. ಆಗದಿದ್ದರೆ ಕನಿಷ್ಠ ಅರ್ಧ ಗಂಟೆ. ನನ್ನಲ್ಲಿಗೆ ಬರುವ ಒಬ್ಬರು ಅಜ್ಜಿ ಇದಕ್ಕೊಂದು ಉಪಾಯ ಮಾಡಿಕೊಂಡಿದ್ದಾರೆ. ರಾತ್ರಿ ಮೂರು, ಮೂರೂವರೆಗೆ ಬಚ್ಚಲಿಗೆಂದು ಏಳುವುದು ಅವರಿಗೆ ರೂಢಿ. ಮಂಚದ ಪಕ್ಕದ ಸ್ಟೂಲಿನ ಮೇಲೆ ತಾಮ್ರದ ಚೊಂಬಿನಲ್ಲಿ ನೀರು, ಅದರ ಮುಚ್ಚಳದ ಮೇಲೆ ಒಂದೇ ಒಂದು ಮಾತ್ರೆ ಮಲಗುವಾಗಲೇ ಇಟ್ಟಿರುತ್ತಾರೆ. ಬಚ್ಚಲಿನಿಂದ ಬಂದು ನುಂಗಿ ಮತ್ತೆ ಮಲಗುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣ ಕಾಫಿ, ಯಾರ ಅಡ್ಡಿಯೂ ಇಲ್ಲ. ಚೊಂಬಿನ ಮುಚ್ಚಳ ಖಾಲಿ ಇದೆ ಎಂದರೆ ಮಾತ್ರೆ ಆಗಿದೆ ಎಂದು ಲೆಕ್ಕ. ನಾನು ಹೇಳಿಕೊಟ್ಟದ್ದಲ್ಲ ಇದು, ಅವರಿಂದ ಕಲಿತು ಉಳಿದವರಿಗೆ ಹೇಳುತ್ತಿದ್ದೇನೆ.

ಮಲಗುವ ಹೊತ್ತಿಗೆ ತೆಗೆದುಕೊಳ್ಳುವುದೂ ಒಂದು ದಾರಿ. ನೆದರ್‌ಲ್ಯಾಂಡ್ಸಿನ ವೈದ್ಯರು 2010ರಲ್ಲಿ ಹೋಲಿಸಿ ನೋಡಿದಾಗ ರಾತ್ರಿ ತೆಗೆದುಕೊಂಡವರ ರಕ್ತದಲ್ಲಿ ಹಾರ್ಮೋನಿನ ಮಟ್ಟ ಇನ್ನೂ ಚೆನ್ನಾಗಿತ್ತು. ಆದರೆ ಊಟ ಆಗಿ ಮೂರು ಗಂಟೆ ಕಳೆದಿರಬೇಕು. ಒಂಬತ್ತೂವರೆಗೆ ಉಂಡು ಹತ್ತಕ್ಕೆ ಮಲಗುವ ಮನೆಗಳಲ್ಲಿ ಇದು ನಡೆಯುವ ಮಾತಲ್ಲ. ನಿಮಗೆ ಬೆಳಗಿನ ಹೊತ್ತೇ ಒಳ್ಳೆಯದು.

ಈಗ ಕಬ್ಬಿಣಕ್ಕೆ ಬರೋಣ. ನನ್ನ ಲೆಕ್ಕದಲ್ಲಿ ಕಾಫಿಗಿಂತ ದೊಡ್ಡ ಕಳ್ಳ ಇದು. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಕರುಳಿನೊಳಗೆ ಥೈರಾಕ್ಸಿನ್ನನ್ನು ಹಿಡಿದು ಕಟ್ಟಿಹಾಕುತ್ತವೆ. ಕಟ್ಟಿಕೊಂಡದ್ದು ಹಾಗೇ ಮಲದಲ್ಲಿ ಹೊರಗೆ ಹೋಗುತ್ತದೆ. ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಬೇಕು. ಐದೂವರೆಗೆ ಅದು, ಎಂಟಕ್ಕೆ ತಿಂಡಿ ಮುಗಿಸಿ ಇದು ಎಂದರೆ ಎರಡೂವರೆ ಗಂಟೆಯಷ್ಟೇ ಆಯಿತು.

ಇದರಲ್ಲಿ ಇನ್ನೊಂದು ತೊಡಕಿದೆ, ಅದನ್ನು ಹೆಂಗಸರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತದೆ. ರಕ್ತ ಹೋದಷ್ಟೂ ಮೈಯಲ್ಲಿ ಕಬ್ಬಿಣ ಬರಿದಾಗುತ್ತದೆ. ಅದಕ್ಕೆಂದು ಕಬ್ಬಿಣದ ಮಾತ್ರೆ ಕೊಡುತ್ತಾರೆ. ಅದು ಥೈರಾಯ್ಡ್ ಮಾತ್ರೆಯನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ರಕ್ತ ಹೋಗುವುದೂ ನಿಲ್ಲುವುದಿಲ್ಲ. ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತೀರಿ, ಎರಡೂ ಔಷಧಿಯನ್ನು ಪ್ರಾಮಾಣಿಕವಾಗಿ ನುಂಗುತ್ತಿದ್ದರೂ. ಹಾಗೆಂದು ಕಬ್ಬಿಣ ನಿಲ್ಲಿಸಿಬಿಡಬೇಡಿ, 9.4 ಹಿಮೋಗ್ಲೋಬಿನ್ನಿಗೆ ಅದು ಬೇಕೇ ಬೇಕು. ನಿಮ್ಮ ಸುಸ್ತಿನಲ್ಲಿ ಅರ್ಧದಷ್ಟು ಅದರದೇ ಇರಬಹುದು. ಜಾಗ ಬದಲಾಯಿಸಿ, ಸಾಕು.

ನಿಮ್ಮ ದಿನಕ್ಕೆ ಹೊಂದುವ ಹಾಗೆ ಹೇಳುತ್ತೇನೆ. ಐದೂವರೆಗೆ ಎದ್ದ ಕೂಡಲೇ, ಒಲೆ ಹಚ್ಚುವ ಮುಂಚೆ, ಒಂದು ಲೋಟ ನೀರಿನ ಜೊತೆ ಥೈರಾಯ್ಡ್ ಮಾತ್ರೆ. ಆರೂವರೆಗೆ ಕಾಫಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಊಟದ ಜೊತೆಗೇ ಅದು ಚೆನ್ನಾಗಿ ಹಿಡಿಯುವುದು. ಕಬ್ಬಿಣ ರಾತ್ರಿ, ಊಟವಾಗಿ ಎರಡು ಗಂಟೆ ಬಿಟ್ಟು, ಮಲಗುವಾಗ ನಿಂಬೆಹಣ್ಣಿನ ನೀರಿನ ಜೊತೆ. ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ. ಹೊಟ್ಟೆ ತೊಳಸಿದರೆ ಎರಡು ಚಮಚ ಅನ್ನ ತಿಂದು ತೆಗೆದುಕೊಳ್ಳಿ, ಆದರೆ ಹಾಲು, ಕಾಫಿ, ಟೀ ಜೊತೆ ಬೇಡ. ಮಲ ಕಪ್ಪಗಾದರೆ ಹೆದರಬೇಡಿ, ಕಬ್ಬಿಣದ್ದೇ ಬಣ್ಣ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಗ್ಯಾಸ್ ಮಾತ್ರೆ ನುಂಗುತ್ತಿದ್ದೀರಾ? ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆಯೊಂದು, ಅದರ ಜೋಡಿಗೆ ಪ್ಯಾಂಟೊಪ್ರಜೋಲ್ ಒಂದು ಎಂದು ಬೆಳಿಗ್ಗೆ ಎರಡನ್ನೂ ಒಟ್ಟಿಗೆ ನುಂಗುವವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಥೈರಾಕ್ಸಿನ್ ಕರಗುವುದಕ್ಕೆ ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ತೆಗೆಯುತ್ತದೆ. ಇದಕ್ಕೆ ಹೊತ್ತು ಬದಲಾಯಿಸಿದರೂ ಪೂರ್ತಿ ಪರಿಹಾರವಿಲ್ಲ, ಏಕೆಂದರೆ ಅದರ ಪರಿಣಾಮ ದಿನವಿಡೀ ಇರುತ್ತದೆ. ನಿಜವಾಗಿ ಬೇಕಾದವರು ತೆಗೆದುಕೊಳ್ಳಲಿ, ವೈದ್ಯರು ಥೈರಾಯ್ಡ್ ಡೋಸನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ಮೆಡಿಕಲ್ ಶಾಪಿನಿಂದ ತಂದು ಸುಮ್ಮನೆ ವರ್ಷಗಟ್ಟಲೆ ನುಂಗುವುದು ಬೇರೆ ಮಾತು.

ಹಾಗಾದರೆ 100 ಬೇಡವೇ? ನಿಮ್ಮ ವೈದ್ಯರು ಹೇಳಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಗ್ರಂಥಿ ಪೂರ್ತಿ ಕೈಬಿಟ್ಟವರಿಗೆ ದಿನಕ್ಕೆ ಬೇಕಾಗುವ ಪ್ರಮಾಣ ಕೆ.ಜಿ.ಗೆ ಸುಮಾರು 1.6 ಮೈಕ್ರೋಗ್ರಾಂ. ನಿಮ್ಮ 68 ಕೆ.ಜಿ.ಗೆ ಲೆಕ್ಕ ಹಾಕಿದರೆ 109 ಆಗುತ್ತದೆ. ಅಂದರೆ "ಕೊನೆ ಎಲ್ಲಿ" ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಹೆಚ್ಚುಕಮ್ಮಿ ಅಲ್ಲೇ, 100ರ ಆಸುಪಾಸಿನಲ್ಲಿ. ಅದೇನೂ ಹೆದರುವ ಅಂಕಿ ಅಲ್ಲ. ಡೋಸ್ ದೊಡ್ಡದಿದ್ದರೆ ಕಾಯಿಲೆ ದೊಡ್ಡದು ಎಂದೂ ಅಲ್ಲ, ದಪ್ಪ ಇರುವವರ ಅಂಗಿಗೆ ಬಟ್ಟೆ ಜಾಸ್ತಿ ಬೇಕಾಗುವ ಹಾಗೆ. ನನ್ನ ಹೆದರಿಕೆ ಬೇರೆ. ಈಗ 100 ಶುರು ಮಾಡಿ, ಈ ಉತ್ತರ ಓದಿ ಕಾಫಿ, ಕಬ್ಬಿಣವನ್ನೂ ಸರಿಸಿಬಿಟ್ಟಿರಿ ಎಂದುಕೊಳ್ಳಿ. ಒಮ್ಮೆಗೇ ಎರಡು ಕಡೆಯಿಂದ ಹೆಚ್ಚಾಗುತ್ತದೆ. ಎದೆ ಡವಡವ, ಕೈನಡುಕ, ಬೆವರು, ನಿದ್ದೆ ಇಲ್ಲ ಎಂದು ಇನ್ನೊಬ್ಬ ವೈದ್ಯರ ಹತ್ತಿರ ಹೋಗುತ್ತೀರಿ. ವರ್ಷಗಟ್ಟಲೆ ಹೀಗೆ ಡೋಸ್ ಹೆಚ್ಚಾಗಿದ್ದರೆ ಎಲುಬು ಸವೆಯುತ್ತದೆ, ವಯಸ್ಸಾದವರಲ್ಲಿ ಹೃದಯದ ಬಡಿತ ತಾಳ ತಪ್ಪುತ್ತದೆ.

ಅದಕ್ಕೇ ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ. ನಿಮ್ಮ ವೈದ್ಯರ ಹತ್ತಿರ ಹೋಗಿ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏನೇನು ಹೊಟ್ಟೆಗೆ ಹೋಗುತ್ತಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿ. "ಖಾಲಿ ಹೊಟ್ಟೆಗೆ ತಗೋತೀರಾ" ಎಂದು ಅವರು ಕೇಳಿರುತ್ತಾರೆ, ನೀವು "ಹೌದು" ಅಂದಿರುತ್ತೀರಿ. ನಮ್ಮ ಕಡೆ ಕಾಫಿಯನ್ನು ಯಾರೂ ಆಹಾರ ಎಂದು ಎಣಿಸುವುದಿಲ್ಲವಲ್ಲ! ಇದಿಷ್ಟು ಹೇಳಿದ ಮೇಲೆ, 75ರಲ್ಲೇ ಇದ್ದು ಹೊತ್ತು ಸರಿಮಾಡಿ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡಿ ಆಮೇಲೆ ತೀರ್ಮಾನಿಸಬಹುದೇ ಎಂದು ಕೇಳಿ. ಬಹುತೇಕ ವೈದ್ಯರು ಒಪ್ಪುತ್ತಾರೆ. ಆಗಲೂ ಸಾಮಾನ್ಯ ಮಿತಿಯ ಮೇಲಿನ ಗಡಿಯಾದ 4.5ಕ್ಕಿಂತ ಮೇಲೇ ಇದ್ದರೆ 88 ಅಥವಾ 100 ನಿಶ್ಚಿಂತೆಯಿಂದ ತೆಗೆದುಕೊಳ್ಳಿ. ಒಂದೇ ಒಂದು ಬಿಟ್ಟು: ನೀವು ಗರ್ಭಿಣಿಯಾಗಿದ್ದರೆ, ಅಥವಾ ಆಗುವ ಯೋಚನೆ ಇದ್ದರೆ, ಈ ಕಾಯುವಿಕೆ ಬೇಡ. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಮೊದಲ ಮೂರು ತಿಂಗಳು ತಾಯಿಯ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ಮುಟ್ಟು ತಪ್ಪಿ ಪರೀಕ್ಷೆಯಲ್ಲಿ ಎರಡು ಗೆರೆ ಕಂಡ ದಿನವೇ ವೈದ್ಯರಿಗೆ ಫೋನ್ ಮಾಡಬೇಕು. ಸಾಮಾನ್ಯವಾಗಿ ವಾರಕ್ಕೆ ಎರಡು ಮಾತ್ರೆ ಹೆಚ್ಚಿಸಲು ಹೇಳುತ್ತಾರೆ.

ಆರು ವಾರ ಯಾಕೆ ಎಂದರೆ, ಥೈರಾಕ್ಸಿನ್ ಮೈಯಲ್ಲಿ ನಿಧಾನವಾಗಿ ಕರಗುವ ವಸ್ತು. ಇವತ್ತಿನ ಮಾತ್ರೆಯ ಅರ್ಧ ಭಾಗ ಒಂದು ವಾರದ ಮೇಲೂ ರಕ್ತದಲ್ಲಿ ಉಳಿದಿರುತ್ತದೆ. ಡೋಸ್ ಬದಲಾಯಿಸಿ ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿದರೆ ಹಳೆಯ, ಹೊಸ ಡೋಸಿನ ಕಲಬೆರಕೆ ಕಾಣುತ್ತದೆ. ಇದೇ ಕಾರಣಕ್ಕೆ ಒಂದು ದಿನ ಮರೆತರೆ ಆಕಾಶ ಬೀಳುವುದಿಲ್ಲ. ನೆನಪಾದಾಗ ತೆಗೆದುಕೊಳ್ಳಿ. ಪೂರ್ತಿ ದಿನ ತಪ್ಪಿದರೆ, ಹೃದಯದ ತೊಂದರೆ ಇಲ್ಲದವರು ಮರುದಿನ ಎರಡು ನುಂಗಬಹುದು.

ರಕ್ತ ಕೊಡುವ ದಿನದ ಬಗ್ಗೆ ಎರಡು ಮಾತು. ಪ್ರತಿ ಸಲವೂ ಅದೇ ಲ್ಯಾಬು, ಹೆಚ್ಚುಕಮ್ಮಿ ಅದೇ ಹೊತ್ತು ಇರಲಿ. ಫ್ರೀ ಟಿ4 ನೋಡುವುದಿದ್ದರೆ ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಬಯೋಟಿನ್ ರಕ್ತದಲ್ಲಿದ್ದರೆ ಎಷ್ಟೋ ಯಂತ್ರಗಳು ಮೋಸ ಹೋಗುತ್ತವೆ. ಟಿಎಸ್‌ಎಚ್ ಇರುವುದಕ್ಕಿಂತ ಕಮ್ಮಿ, ಟಿ4 ಜಾಸ್ತಿ ತೋರಿಸಿ, ಸರಿಯಾಗಿದ್ದ ಡೋಸನ್ನು ಇಳಿಸುವ ಹಾಗೆ ಮಾಡುತ್ತವೆ. ಸೋಜಿಗವೆಂದರೆ, ಕೂದಲಿಗೆ ಬಯೋಟಿನ್ ಬರೆಸಿಕೊಂಡು ಬರುವವರಲ್ಲಿ ಥೈರಾಯ್ಡ್ ತೊಂದರೆ ಇರುವವರೂ ಇರುತ್ತಾರೆ.

ಬಾಟ್ಲಿಯನ್ನು ಎಲ್ಲಿಡುತ್ತೀರಿ? ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೂಡಿನಲ್ಲಿ ಎಂದರೆ ತೆಗೆದುಬಿಡಿ. ಬಿಸಿ, ಬೆಳಕು, ತೇವ ಮೂರೂ ಈ ಮಾತ್ರೆಗೆ ಆಗದು. ಬಾಟ್ಲಿ ಗಾಢ ಬಣ್ಣದ್ದಿರುವುದೂ, ಒಳಗೆ ಪುಟ್ಟ ಸಿಲಿಕಾ ಪೊಟ್ಟಣ ಇರುವುದೂ ಅದಕ್ಕೇ. ನೂರಕ್ಕೂ ಹೆಚ್ಚು ಮಾತ್ರೆ ಒಂದೇ ಬಾಟ್ಲಿಯಲ್ಲಿ ಬರುವುದರಿಂದ ಮೂರು ನಾಲ್ಕು ತಿಂಗಳು ದಿನಾ ಮುಚ್ಚಳ ತೆಗೆದು ಹಾಕುತ್ತೀರಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಉಪ್ಪು ನೀರಾಗುವ ಹೊತ್ತಿಗೆ ಮಾತ್ರೆಯೂ ಮೆತ್ತಗಾಗುತ್ತದೆ. ಮುಚ್ಚಳ ಬಿಗಿ ಮಾಡಿ ಮಲಗುವ ಕೋಣೆಯ ಬೀರುವಿನೊಳಗೆ ಇಡಿ. ಕಂಪನಿಯನ್ನೂ ಆಗಾಗ ಬದಲಾಯಿಸಬೇಡಿ. ಅಂಗಡಿಯವನು "ಅದಿಲ್ಲ, ಇದೂ ಅದೇ" ಎಂದು ಬೇರೆ ಕೊಟ್ಟರೆ ಆರು ವಾರ ಬಿಟ್ಟು ಒಮ್ಮೆ ಟಿಎಸ್‌ಎಚ್ ನೋಡಿಸಿ.

ಜೀವನಪೂರ್ತಿಯಾ ಎಂದು ಕೇಳಿದ್ದೀರಿ. ಬಹುತೇಕ ಹೌದು. ನಿಮ್ಮ ವಯಸ್ಸಿನ ಹೆಂಗಸರಲ್ಲಿ ಇದಕ್ಕೆ ಸಾಮಾನ್ಯ ಕಾರಣ ಹಶಿಮೊಟೊ ಎಂಬ ತೊಂದರೆ. ಜಪಾನಿನ ಹಕಾರು ಹಶಿಮೊಟೊ ಎಂಬ ವೈದ್ಯರು 1912ರಲ್ಲಿ ನಾಲ್ಕು ಹೆಂಗಸರ ಥೈರಾಯ್ಡನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ ವರ್ಣಿಸಿದ್ದು. ನಮ್ಮದೇ ರೋಗನಿರೋಧಕ ಕಣಗಳು ಬೇಲಿಯೇ ಎದ್ದು ಹೊಲ ಮೇಯುವ ಹಾಗೆ ಗ್ರಂಥಿಯನ್ನು ನಿಧಾನವಾಗಿ ತಿನ್ನುತ್ತವೆ. ಆ್ಯಂಟಿ-ಟಿಪಿಒ ಎಂಬ ಪರೀಕ್ಷೆ ಒಮ್ಮೆ ಮಾಡಿಸಿದರೆ ತಿಳಿಯುತ್ತದೆ, ಮತ್ತೆ ಮತ್ತೆ ಮಾಡಿಸುವುದು ದಂಡ. ಹೆರಿಗೆಯಾದ ಮೇಲಿನ ಒಂದು ವರ್ಷದೊಳಗೆ ಬಂದದ್ದಾದರೆ ಕೆಲವರಲ್ಲಿ ತಾನಾಗಿ ಸರಿಹೋಗುತ್ತದೆ. ನಿಮ್ಮ ಪತ್ರದಲ್ಲಿ ಹೆರಿಗೆಯ ಮಾತಿಲ್ಲ.

ಆದರೆ "ಮಾತ್ರೆ ಅಭ್ಯಾಸವಾಗಿಬಿಡುತ್ತದೆ" ಎಂಬ ಮಾತು ಇದಕ್ಕೆ ಸಲ್ಲದು. ನಿಮ್ಮ ಗ್ರಂಥಿ ಮಾಡುತ್ತಿದ್ದ ಟಿ4 ಏನಿದೆಯೋ ಅದೇ ಮಾತ್ರೆಯಲ್ಲೂ ಇರುವುದು. ಇದಕ್ಕೊಂದು ಹಳೆಯ ಸಾಕ್ಷಿ ಇದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ವೈದ್ಯರು 1891ರಲ್ಲಿ 46 ವರ್ಷದ ಒಬ್ಬ ಹೆಂಗಸಿಗೆ ಕುರಿಯ ಥೈರಾಯ್ಡ್ ಅರೆದು ತೆಗೆದ ಸಾರವನ್ನು ಚುಚ್ಚಿದರು. ಆಗ ಆಕೆಯ ಮುಖ ಊದಿ, ಮಾತು ತೊದಲಿ, ಚಳಿ ತಡೆಯಲಾಗದೆ ಮೂಲೆ ಹಿಡಿದಿದ್ದಳು. ಆಮೇಲೆ 28 ವರ್ಷ ಬದುಕಿದಳು, 1919ರಲ್ಲಿ 74ನೇ ವಯಸ್ಸಿಗೆ ತೀರಿಕೊಂಡಳು. ಅಷ್ಟು ವರ್ಷಕ್ಕೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಥೈರಾಯ್ಡ್. ನಿಮಗೆ ಬೇಕಾದದ್ದು ದಿನಕ್ಕೊಂದು ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡ ಮಾತ್ರೆ.

ಬಿಟ್ಟು ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಬಿಟ್ಟವರು ಹದಿನೈದು ದಿನ ಆರಾಮಾಗಿರುತ್ತಾರೆ, ಮೈಯಲ್ಲಿ ಹಳೆಯ ದಾಸ್ತಾನು ಇರುತ್ತದಲ್ಲ. "ನೋಡಿ, ಬಿಟ್ಟರೂ ಏನೂ ಆಗಲಿಲ್ಲ, ಆ ಕಷಾಯವೇ ವಾಸಿ ಮಾಡಿತು" ಎಂದು ನೆಂಟರಿಗೆಲ್ಲ ಹೇಳಿ ಮುಗಿಸುತ್ತಾರೆ. ಎರಡು ಮೂರು ತಿಂಗಳಿಗೆ ಸುಸ್ತು, ಮಲಬದ್ಧತೆ, ದನಿ ದಪ್ಪಗಾಗುವುದು ಒಂದೊಂದಾಗಿ ವಾಪಸು ಬರುತ್ತವೆ. ಅಷ್ಟು ಹೊತ್ತಿಗೆ ಕಾರಣ ಮರೆತುಹೋಗಿರುತ್ತದೆ, ಹವೆಯ ಮೇಲೋ ವಯಸ್ಸಿನ ಮೇಲೋ ಹಾಕುತ್ತಾರೆ.

ಎಲೆಕೋಸು, ಮೂಲಂಗಿ, ನವಿಲುಕೋಸು ಬೇಯಿಸಿ ತಿನ್ನಿ, ಧಾರಾಳವಾಗಿ. ಬೇಯಿಸಿದಾಗ ಅದರಲ್ಲಿರುವ ಥೈರಾಯ್ಡಿಗೆ ಅಡ್ಡಿಯಾಗುವ ಅಂಶ ಬಹುಪಾಲು ಹೋಗುತ್ತದೆ. ದಿನಾ ಹಸಿ ಕೋಸಿನ ರಸ ಕುಡಿಯುವವರಿಗೆ ಈ ಎಚ್ಚರಿಕೆ ಸರಿ, ವಾರಕ್ಕೊಂದು ಸಲ ಪಲ್ಯ ಮಾಡುವವರಿಗಲ್ಲ. ರಾಗಿಮುದ್ದೆಗೂ ತಕರಾರಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿದ ಬೆನ್ನಿಗೇ ರಾಗಿ ಗಂಜಿ ಕುಡಿಯಬೇಡಿ ಅಷ್ಟೆ, ಅದರಲ್ಲಿ ಕ್ಯಾಲ್ಸಿಯಂ, ನಾರು ಎರಡೂ ಜಾಸ್ತಿ.

ಉಪ್ಪಿನ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಈಚೆಗೆ ಆರೋಗ್ಯಕ್ಕೆ ಒಳ್ಳೆಯದೆಂದು ಮನೆಮನೆಯಲ್ಲಿ ಸೈಂಧವ ಲವಣ, ಹರಳುಪ್ಪು ತಂದಿಡುತ್ತಿದ್ದಾರೆ. ಅಯೋಡಿನ್ ಸೇರಿಸಿದ್ದು ಎಂದು ಪೊಟ್ಟಣದ ಮೇಲೆ ಬರೆಯದಿದ್ದರೆ ಅದರಲ್ಲಿ ಅಯೋಡಿನ್ ಇದೆ ಎಂದು ನಂಬಬೇಡಿ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ವೈದ್ಯವಿಜ್ಞಾನಿ ವಿ. ರಾಮಲಿಂಗಸ್ವಾಮಿಯವರ ತಂಡ 1956ರಿಂದ ಅಯೋಡಿನ್ ಉಪ್ಪು ಹಂಚಿ, ಊರಿಗೆ ಊರೇ ಗಳಗಂಡದಿಂದ, ಅಂದರೆ ಥೈರಾಯ್ಡ್ ಊದಿ ಕತ್ತು ದಪ್ಪಗಾಗುವ ತೊಂದರೆಯಿಂದ, ನರಳುತ್ತಿದ್ದುದು ಹೇಗೆ ತಗ್ಗುತ್ತದೆಂದು ತೋರಿಸಿಕೊಟ್ಟಿತು. 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಅಯೋಡಿನ್, ಗರ್ಭಿಣಿಯರಿಗೆ 250. ನಿಮಗೆ ಈಗಾಗಲೇ ಬಂದಿರುವುದನ್ನು ಈ ಉಪ್ಪು ವಾಸಿ ಮಾಡುವುದಿಲ್ಲ. ಆದರೆ ಮನೆಯಲ್ಲಿ ಮಕ್ಕಳಿದ್ದರೆ ಅವರಿಗಾಗಿ ಅಯೋಡಿನ್ ಉಪ್ಪೇ ಇರಲಿ, ಮುಚ್ಚಿದ ಡಬ್ಬಿಯಲ್ಲಿ. ಥೈರಾಯ್ಡಿಗೆಂದು ಆನ್‌ಲೈನಿನಲ್ಲಿ ಮಾರುವ ಸಮುದ್ರ ಪಾಚಿಯ ಮಾತ್ರೆ ಬೇಡ. ಅಯೋಡಿನ್ ಅತಿಯಾದರೆ ಹಶಿಮೊಟೊ ಇನ್ನೂ ಕೆರಳುತ್ತದೆ.

ತೂಕದ ವಿಚಾರದಲ್ಲಿ ನಿಮಗೆ ನಿರಾಸೆ ಮಾಡುತ್ತೇನೆ. ಥೈರಾಯ್ಡ್ ಕಡಿಮೆಯಾದುದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕೆ.ಜಿ. ಅದರಲ್ಲೂ ಬಹುಪಾಲು ಉಪ್ಪು, ನೀರು ಮೈಯಲ್ಲಿ ನಿಂತದ್ದು. ಟಿಎಸ್‌ಎಚ್ ಸರಿಯಾದರೆ ಅಷ್ಟು ಇಳಿಯಬಹುದು. ಉಳಿದದ್ದಕ್ಕೆ ಥೈರಾಯ್ಡ್ ಹೊಣೆಯಲ್ಲ. ಅದಕ್ಕೆಂದು ಮಾತ್ರೆ ಜಾಸ್ತಿ ನುಂಗಿ ಸಣ್ಣಗಾಗಲು ಹೋದವರನ್ನು ನೋಡಿದ್ದೇನೆ, ಕೊಬ್ಬಿಗಿಂತ ಮುಂಚೆ ಮಾಂಸಖಂಡ ಕರಗಿ ಮೆಟ್ಟಿಲು ಹತ್ತಲಾರದೆ ಬಂದಿದ್ದರು. ಕೂದಲಿಗೂ ತಾಳ್ಮೆ ಬೇಕು. ರಕ್ತದಲ್ಲಿ ಎಲ್ಲ ಸರಿಹೋದ ಮೇಲೂ ಮೂರರಿಂದ ಆರು ತಿಂಗಳು ಬೇಕು, ಕಬ್ಬಿಣದ ದಾಸ್ತಾನು ತುಂಬದೆ ಅದು ನಿಲ್ಲುವುದೂ ಇಲ್ಲ. ಟಿಎಸ್‌ಎಚ್ ಸರಿಯಾಗಿಯೂ ಮುಟ್ಟಿನಲ್ಲಿ ಹೋಗುವುದು ಕಡಿಮೆಯಾಗದಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಗರ್ಭಕೋಶದಲ್ಲಿ ಗಡ್ಡೆ ಇದ್ದರೂ ಹಾಗಾಗುತ್ತದೆ. ಕತ್ತಿನಲ್ಲಿ ಗಂಟು ಕಂಡರೆ, ದನಿ ಒಡೆದರೆ, ನುಂಗಲು ಕಷ್ಟವಾದರೆ ಆರು ವಾರ ಕಾಯದೆ ಹೋಗಿ.

ಕೊನೆಯದಾಗಿ ನಿಮ್ಮ ಅತ್ತೆಯವರದು. ನಿಮ್ಮ ಬಾಟ್ಲಿಯಿಂದ ಕೊಡಲೇಬೇಡಿ. ವಯಸ್ಸಾದ ಹಾಗೆ ಟಿಎಸ್‌ಎಚ್ ಸಹಜವಾಗಿಯೇ ಸ್ವಲ್ಪ ಮೇಲಿರುತ್ತದೆ. 72ರಲ್ಲಿ 6.5 ಇದ್ದು ಫ್ರೀ ಟಿ4 ಸರಿಯಾಗಿದ್ದರೆ ಬಹಳಷ್ಟು ಜನಕ್ಕೆ ಮಾತ್ರೆಯೇ ಬೇಕಾಗುವುದಿಲ್ಲ. ಯುರೋಪಿನಲ್ಲಿ 65 ದಾಟಿದ 737 ಜನರನ್ನು ಹೀಗೇ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಥೈರಾಕ್ಸಿನ್, ಇನ್ನೊಂದಕ್ಕೆ ಬರೀ ಪುಡಿಯ ಮಾತ್ರೆ ಕೊಟ್ಟು ನೋಡಿದರು. ವರ್ಷದ ಮೇಲೆ ಸುಸ್ತಿನಲ್ಲಾಗಲಿ ಉಳಿದ ತೊಂದರೆಯಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. 2017ರಲ್ಲಿ ಪ್ರಕಟವಾದದ್ದು ಇದು. ಬೇಕೇ ಆದರೂ ಈ ವಯಸ್ಸಿನಲ್ಲಿ, ಹೃದಯದ ತೊಂದರೆ ಇದ್ದರೆ ಅದರಲ್ಲೂ, 12.5 ಅಥವಾ 25ರಿಂದ ಶುರು ಮಾಡಿ ನಿಧಾನಕ್ಕೆ ಏರಿಸುವುದು ಪದ್ಧತಿ. ಒಮ್ಮೆಗೇ 75 ಕೊಟ್ಟರೆ ಎದೆನೋವು ಬರಿಸಿದ ಹಾಗೆ. ಎರಡು ಮೂರು ತಿಂಗಳು ಬಿಟ್ಟು ಅವರ ಟಿಎಸ್‌ಎಚ್, ಫ್ರೀ ಟಿ4 ಎರಡನ್ನೂ ಮತ್ತೊಮ್ಮೆ ಮಾಡಿಸಿ, ಇಸಿಜಿ ಸಹಿತ ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ಅವರು ತೀರಾ ಮಂಕಾಗಿ, ಯಾವಾಗಲೂ ನಿದ್ದೆಗಣ್ಣಿನಲ್ಲಿದ್ದು, ಮೈ ತಣ್ಣಗಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲವಾದರೆ ಆ ಬಾಟ್ಲಿ ನಿಮ್ಮ ಬೀರುವಿನಲ್ಲೇ ಇರಲಿ, ಅತ್ತೆಯವರು ಬೆಳಗಿನ ಕಾಫಿಯನ್ನು ಐದೂವರೆಗೇ ಕುಡಿಯಲಿ.